ಐದು ಸೂತಕ, ಐದು ಶುಚಿ

2018ರ ಡಿಸೆಂಬರ್ 25ರಂದು ಸೂಲಗಿತ್ತಿ ನರಸಮ್ಮನವರು ತೀರಿಕೊಂಡಾಗ ಕನ್ನಡದ ಪತ್ರಿಕೆಗಳು ಅವರನ್ನು ಗೌರವದಿಂದಲೇ ಬೀಳ್ಕೊಟ್ಟವು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ, ಅಕ್ಷರ ಬಾರದ ಆ ಹಿರಿಯ ಜೀವ ಹದಿನೈದು ಸಾವಿರಕ್ಕೂ ಮೀರಿ ಹೆರಿಗೆ ಮಾಡಿಸಿದ್ದರು. ಅದಕ್ಕಾಗಿ ಅವರು ಹಣ ಕೇಳಲಿಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತ್ತು. ತೀರಿಕೊಂಡ ವರ್ಷವೇ ಪದ್ಮಶ್ರೀ ಬಂದಿತ್ತು. ಇದೆಲ್ಲ ಸರಿಯೆ. ಆದರೆ ಅವರನ್ನು ಕುರಿತು ಬರೆಯುವಾಗಲೂ ಮಾತನಾಡುವಾಗಲೂ ನಮ್ಮ ಬಾಯಿಗೆ ಸುಲಭವಾಗಿ ಬಂದ ಪದಗಳನ್ನು ಒಮ್ಮೆ ನೆನೆದುಕೊಳ್ಳಬೇಕು: ‘ದೈವದತ್ತ’, ‘ಮಹಾತಾಯಿ’, ‘ಕೈಗುಣ’. ಈ ಪದಗಳಲ್ಲಿ ಭಕ್ತಿಯಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಪದಗಳು ಒಂದು ಸಂಗತಿಯನ್ನು ಮೆಲ್ಲಗೆ ಮರೆಮಾಡುತ್ತವೆ. ನರಸಮ್ಮನವರು ಈ ವಿದ್ಯೆಯನ್ನು ತಮ್ಮ ಅಜ್ಜಿಯಿಂದ ಕಲಿತರು. ಕಲಿಸಿದವರೊಬ್ಬರಿದ್ದರು, ಕಲಿತವರೊಬ್ಬರಿದ್ದರು, ನಡುವೆ ವರ್ಷಗಳ ಅಭ್ಯಾಸವಿತ್ತು. ಕೈಗೆ ಗುಣ ಬಂದದ್ದು ಹಾಗೆ.

ಈ ಲೇಖನದಲ್ಲಿ ನಾನು ಎತ್ತಲಿರುವ ತಕರಾರು ಇದಿಷ್ಟೆ. ಸೂಲಗಿತ್ತಿಯ ಕೆಲಸ ಒಂದು ಅಧ್ಯಾತ್ಮ ಸಾಧನೆ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಆ ಸಾಧನೆ ಇರುವುದು ಅವಳ ಹುಟ್ಟಿನಲ್ಲಲ್ಲ, ಹಣೆಬರಹದಲ್ಲಲ್ಲ, ಹಣ ಮುಟ್ಟದ ತ್ಯಾಗದಲ್ಲಿಯೂ ಅಲ್ಲ; ಅದು ಇರುವುದು ಅವಳ ಕಲಿಕೆಯಲ್ಲಿ. ನಮ್ಮ ಸಾಹಿತ್ಯ ಅವಳ ಕೈಗೆ ನಮಸ್ಕಾರ ಮಾಡಿತು. ಆ ಕೈ ಕಲಿತದ್ದನ್ನು ಮಾತ್ರ ಬರೆಯಲಿಲ್ಲ. ಈ ಲೋಪದ ಬೆಲೆಯನ್ನು ತೆತ್ತವರು ಸಾಹಿತಿಗಳಲ್ಲ, ಬಾಣಂತಿಯರು.

ಈ ಮಾತನ್ನು ಕಲಬುರಗಿಯಿಂದ ಆರಂಭಿಸುವುದಕ್ಕೆ ಕಾರಣವಿದೆ. ಕಲಬುರಗಿ ಪಟ್ಟಣದಿಂದ ಹುಮನಾಬಾದಿನ ಕಡೆಗೆ ಹೊರಟರೆ ಸುಮಾರು 40 ಕಿಲೋಮೀಟರಿನಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆ ಹಣ್ಣಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅದೇ ದಾರಿ ಹಿಡಿದು ಹುಮನಾಬಾದನ್ನು ದಾಟಿ ಮುಂದುವರಿದರೆ ಬಸವಕಲ್ಯಾಣ. ಅಂದರೆ ಇದು ಕಲ್ಯಾಣಕ್ಕೆ ಹೋಗುವ ದಾರಿ. ಹುಟ್ಟು ಎಂಬ ಘಟನೆಯನ್ನು ಕುರಿತು ನಮ್ಮ ನಾಡು ಮಾಡಿದ ಎರಡು ದೊಡ್ಡ ವಿಚಾರಗಳು, ಒಂದಕ್ಕೊಂದು ಎದುರಾಗಿ ನಿಂತ ಎರಡು ವಿಚಾರಗಳು, ಈ ಸೀಮೆಯಲ್ಲಿಯೇ ಹುಟ್ಟಿದವು.

ಮೊದಲನೆಯದು ವಿಜ್ಞಾನೇಶ್ವರನದು. ಕಲಬುರಗಿಗೆ ಸಮೀಪದ ಮರತೂರು ಅವನ ಊರೆಂದು ಈ ಭಾಗದ ಜನ ಹೆಮ್ಮೆಯಿಂದ ಹೇಳುತ್ತಾರೆ. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಮಗನಾದವನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಬರುವುದು ತಂದೆ ಸತ್ತ ಮೇಲಲ್ಲ, ಹುಟ್ಟಿದ ಕ್ಷಣದಲ್ಲಿಯೇ ಎಂಬುದು ಮಿತಾಕ್ಷರಾ ಪಂಥದ ಪ್ರಸಿದ್ಧ ನಿರ್ಣಯ. ಬಂಗಾಳದ ಕಡೆಯನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂ ನ್ಯಾಯ ಶತಮಾನಗಳ ಕಾಲ ಇದರ ಮೇಲೆ ನಿಂತಿತ್ತು. ಹುಟ್ಟಿನ ಗಳಿಗೆಗೆ ಇಷ್ಟು ಬೆಲೆ ಕಟ್ಟಿದ ಅದೇ ಗ್ರಂಥದ ಪ್ರಾಯಶ್ಚಿತ್ತಾಧ್ಯಾಯ ಆರಂಭವಾಗುವುದು ಆಶೌಚ ಪ್ರಕರಣದಿಂದ: ಸಾವಿನಿಂದ ಬರುವ ಮೈಲಿಗೆ, ಹುಟ್ಟಿನಿಂದ ಬರುವ ಮೈಲಿಗೆ, ಯಾರಿಗೆ ಎಷ್ಟು ದಿನ ಎಂಬ ಲೆಕ್ಕ. ಹುಟ್ಟಿದ ಕೂಸಿಗೆ ಆಸ್ತಿಯ ಹಕ್ಕು. ಹುಟ್ಟಿದ ಮನೆಗೆ ಸೂತಕ. ಇವೆರಡೂ ಒಂದೇ ಗಳಿಗೆಯ ಫಲ. ಆ ಗಳಿಗೆಯಲ್ಲಿ ಕೂಸನ್ನು ಕೈಯಲ್ಲಿ ಹಿಡಿದಿದ್ದವಳ ಪಾಲಿಗೆ ಬಂದದ್ದು ಎರಡನೆಯದು ಮಾತ್ರ.

ಎರಡನೆಯ ವಿಚಾರ ಶರಣರದು. ವಿಕ್ರಮಾದಿತ್ಯನ ಕಾಲ ಮುಗಿದು ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣನವರೂ ಅವರ ಸಂಗಡಿಗರೂ ಸೂತಕವನ್ನೇ ನಿರಾಕರಿಸಿದರು. ಜನನ ಸೂತಕ, ಮರಣ ಸೂತಕ, ರಜಸ್ಸೂತಕ, ಉಚ್ಛಿಷ್ಟ ಸೂತಕ, ಜಾತಿ ಸೂತಕ ಎಂಬ ಐದನ್ನೂ ಲಿಂಗವಂತರು ಎಣಿಸಬಾರದೆಂಬುದು ಅವರ ಧರ್ಮದ ಕಟ್ಟಳೆಯಾಗಿ ನಿಂತಿತು. ಈ ಐದನ್ನು ಸಾಲಾಗಿ ಓದಿ ನೋಡಿ. ಐದೂ ಸೂಲಗಿತ್ತಿಯ ಒಂದು ರಾತ್ರಿಯ ಕೆಲಸದಲ್ಲಿ ಸೇರಿಬರುತ್ತವೆ. ಹುಟ್ಟು ಅವಳ ಕಸುಬು. ಸಾವು ಅವಳ ಎಡಗಡೆಗೆ ಸದಾ ಕುಳಿತಿರುವ ನೆರೆಯವಳು. ರಕ್ತ ಅವಳ ಮೊಳಕೈವರೆಗೆ. ಎಂಜಲು, ಮಾಸು, ಮಲ ಎಲ್ಲವನ್ನೂ ಎತ್ತಿ ಹಾಕುವವಳು ಅವಳೇ. ಇನ್ನು ಜಾತಿಯ ಮಾತು ಕೇಳಲೇಬೇಕಾಗಿಲ್ಲ. ದಕ್ಷಿಣ ಭಾರತದ ಎಷ್ಟೋ ಕಡೆ ಕ್ಷೌರಿಕರ ಮನೆಯ ಹೆಂಗಸರಿಗೆ, ಬೇರೆಡೆ ಹೊಲಗೇರಿಯ ಹೆಂಗಸರಿಗೆ ಈ ಕೆಲಸ ಬಂದದ್ದು ಅವರ ಕೈ ಪವಿತ್ರವೆಂದಲ್ಲ. ಆ ಕೈ ಹೇಗೂ ಮೈಲಿಗೆಯದೆಂದು. ಪಂಚಸೂತಕದ ನಿರಾಕರಣೆಯಿಂದ ಯಾರಾದರೂ ಒಬ್ಬ ಕಾಯಕದವರಿಗೆ ಪೂರ್ಣ ಬಿಡುಗಡೆ ಆಗಬೇಕಾಗಿದ್ದರೆ ಅದು ಸೂಲಗಿತ್ತಿಗೇ.

ಆಯಿತೆ? ಇಲ್ಲಿ ವಿಮರ್ಶಕನ ಕೆಲಸ ಪ್ರಾರಂಭವಾಗುತ್ತದೆ. ವಚನ ಸಾಹಿತ್ಯ ಕಾಯಕಗಳ ಒಂದು ದೊಡ್ಡ ಜಾತ್ರೆ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಅಕ್ಕಿ ಆಯುವ ಮಾರಯ್ಯ–ಲಕ್ಕಮ್ಮ ದಂಪತಿಗಳು, ನೂಲುವ ಕದಿರ ರೆಮ್ಮವ್ವೆ, ಕಸ ಗುಡಿಸುವ ಸತ್ಯಕ್ಕ, ಮದ್ದು ಕೊಡುವ ವೈದ್ಯ ಸಂಗಣ್ಣ. ಒಬ್ಬೊಬ್ಬರ ಕಸುಬಿನ ಉಪಕರಣವೂ ಅವರ ಅನುಭಾವದ ಭಾಷೆಯಾಗಿದೆ. ಈ ಜಾತ್ರೆಯಲ್ಲಿ ಸೂಲಗಿತ್ತಿಯ ಕಾಯಕದಿಂದಲೇ ಮಾತು ಎತ್ತಿಕೊಂಡ ದನಿಯೊಂದು ನನ್ನ ಓದಿನಲ್ಲಿ ನನಗೆ ಕೇಳಿಸಿಲ್ಲ. ಆದರೆ ಅವಳ ಕೆಲಸ ಕೇಳಿಸುತ್ತದೆ, ಬೇರೆಯವರ ಹೆಸರಿನಲ್ಲಿ. ದೀಕ್ಷೆ ಪಡೆದ ಶಿಷ್ಯನನ್ನು ವೀರಶೈವ ಪರಿಭಾಷೆ ‘ಗುರುಕರಜಾತ’ ಎಂದು ಕರೆಯುತ್ತದೆ, ಎಂದರೆ ಗುರುವಿನ ಕೈಯಿಂದ ಹುಟ್ಟಿದವನು. ದೀಕ್ಷೆಯ ಕ್ರಿಯೆಗೆ ‘ಹಸ್ತಮಸ್ತಕ ಸಂಯೋಗ’ ಎಂದು ಹೆಸರು. ಗುರುವಿನ ಕೈ ಶಿಷ್ಯನ ತಲೆಯನ್ನು ಮುಟ್ಟುವುದು. ತಲೆ ಕೆಳಗಾಗಿ ಬರುವ ಕೂಸನ್ನು ಈ ಲೋಕದಲ್ಲಿ ಮೊದಲು ಮುಟ್ಟುವ ಕೈ ಯಾರದು? ಆ ಕೈ ಮೊದಲು ಮುಟ್ಟುವುದು ಏನನ್ನು? ಹಸ್ತಮಸ್ತಕ ಸಂಯೋಗದ ಮೂಲ ಚಿತ್ರ ಹೆರಿಗೆಯ ಕೋಣೆಯಲ್ಲಿದೆ ಎಂದು ನನಗೆ ತೋರುತ್ತದೆ. ರೂಪಕ ಮಠಕ್ಕೆ ಹೋಯಿತು; ರೂಪಕದ ಒಡತಿ ಹಿತ್ತಲಲ್ಲೇ ಉಳಿದಳು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಗ್ರೀಕರ ಸಾಕ್ರೆಟಿಸ್ ಸೂಲಗಿತ್ತಿಯ ಮಗ. ತಾಯಿಯ ಹೆಸರು ಫೈನರೀಟ್. ಪ್ಲೇಟೋ ಬರೆದ ‘ಥಿಯಟೀಟಸ್’ ಸಂವಾದದಲ್ಲಿ ಅವನು ತನ್ನ ತತ್ತ್ವವಿಚಾರದ ರೀತಿಯನ್ನು ತಾಯಿಯ ಕಸುಬಿಗೆ ಹೋಲಿಸಿಕೊಳ್ಳುತ್ತಾನೆ: ತಾನು ಜ್ಞಾನವನ್ನು ಹೆರುವವನಲ್ಲ, ಇತರರ ಜ್ಞಾನಕ್ಕೆ ಹೆರಿಗೆ ಮಾಡಿಸುವವನು ಮಾತ್ರ, ಹುಟ್ಟಿದ್ದು ಜೀವಂತವೋ ಪೊಳ್ಳೋ ಎಂದು ನೋಡಿ ಹೇಳುವವನು. ಜಗತ್ತಿನ ತತ್ತ್ವಶಾಸ್ತ್ರ ಈ ಹೋಲಿಕೆಯನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಫೈನರೀಟ್ ಏನು ಬಲ್ಲವಳಾಗಿದ್ದಳು, ಯಾರಿಂದ ಕಲಿತಳು ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ಮಗ ಅವಳ ಕಸುಬಿನಿಂದ ಒಂದು ಉಪಮೆ ಪಡೆದ. ಅವಳಿಗೆ ಒಂದು ಸಂವಾದ ಸಿಗಲಿಲ್ಲ.

ಅಕ್ಕಮಹಾದೇವಿಯದು ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗ. ಹೆರಿಗೆಯ ಬೇನೆ ಹೆರದವಳಿಗೆ ತಿಳಿಯದು ಎಂಬ ಲೋಕದ ಅರಿವನ್ನು ಆಕೆ ತನ್ನ ಅನುಭಾವದ ಸಾಕ್ಷಿಯಾಗಿ ತರುವ ವಚನವನ್ನು ಬಲ್ಲದ ಕನ್ನಡಿಗರಿಲ್ಲ. ಅನುಭವಿಸಿದವರು ಬಲ್ಲರು, ಉಳಿದವರು ಅರಿಯರು ಎಂಬ ಈ ವಿಭಾಗ ಕಾವ್ಯಕ್ಕೆ ಸತ್ಯ. ಆದರೆ ಸೂಲಗಿತ್ತಿ ಇವೆರಡರ ನಡುವೆ ನಿಲ್ಲುವ ಮೂರನೆಯವಳು. ಈ ರಾತ್ರಿಯ ಬೇನೆ ಅವಳದಲ್ಲ. ಆದರೂ ಅದು ಎಲ್ಲಿಗೆ ಬಂದಿದೆ, ಇನ್ನೆಷ್ಟು ಹೊತ್ತು, ಯಾವಾಗ ತಡೆಯಬೇಕು, ಯಾವಾಗ ಒತ್ತಬೇಕು ಎಂಬುದು ಬೇನೆ ತಿನ್ನುವವಳಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ತನ್ನದಲ್ಲದ ನೋವನ್ನು ತನ್ನದೆಂದು ನಟಿಸದೆ, ಅನ್ಯರದೆಂದು ದೂರವೂ ಇಡದೆ, ನಿಖರವಾಗಿ ತಿಳಿಯುವುದು ಒಂದು ಬೇರೆಯೇ ಬಗೆಯ ಅರಿವು. ಅದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಇನ್ನೂ ಹೆಸರಿಲ್ಲ. ಕರುಣೆ ಎಂದರೆ ಸಾಲದು, ಏಕೆಂದರೆ ಕರುಣೆಗೆ ಕಲಿಕೆ ಬೇಡ.

ಜನಪದರ ಹಾಡುಗಳಲ್ಲಿ ಅವಳಿಗೆ ಸ್ಥಾನವಿಲ್ಲವೆ? ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ನಮ್ಮ ಈ ಉತ್ತರದ ಸೀಮೆಯ ಹೆಣ್ಣುಮಕ್ಕಳ ಮನಸ್ಸಿನ ಕನ್ನಡಿ. ಬಯಕೆ, ಕುಬಸ, ತವರು, ತೊಟ್ಟಿಲು ಇವೆಲ್ಲ ಈ ಸೀಮೆಯ ಹಾಡುಗಳಲ್ಲಿ ತುಂಬಿವೆ. ಐದನೆಯ ದಿನದ ಇರುಳು ಸೆಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂಬ ನಂಬಿಕೆಯೂ ಈ ಕಡೆ ಬಲವಾಗಿದೆ. ಇವೆಲ್ಲದರಲ್ಲಿ ತಾಯಿ ಇದ್ದಾಳೆ, ಕೂಸು ಇದೆ, ದೈವ ಇದೆ. ಸೂಲಗಿತ್ತಿ ಬಂದರೂ ಸೀರೆ ಕುಬಸದ ಉಡುಗೊರೆ ಪಡೆದು ಹೋಗುವ ಪಾತ್ರವಾಗಿ ಬರುತ್ತಾಳೆ. ಹೆರಿಗೆಯ ಮೊದಲಿನ ಆಸೆ ಹಾಡಾಯಿತು, ಆಮೇಲಿನ ಆನಂದ ಹಾಡಾಯಿತು. ನಡುವಿನ ಆ ಒಂದು ರಾತ್ರಿಯ ವಿದ್ಯೆ ಹಾಡಾಗಲಿಲ್ಲ.

ಆಧುನಿಕ ಕಾದಂಬರಿಗೆ ಬಂದರೆ ತ್ರಿವೇಣಿಯವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣಿನ ದುರಂತವನ್ನು ‘ಶರಪಂಜರ’ದಲ್ಲಿ ಬರೆದು, ಬಾಣಂತನವೆಂಬುದು ಬರಿಯ ಸಂಭ್ರಮವಲ್ಲ ಎಂದು ಕನ್ನಡದ ಓದುಗರಿಗೆ ತೋರಿಸಿದವರು ಅವರು. ಅವರೇ 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಮೂವತ್ತೈದು ತುಂಬಿರಲಿಲ್ಲ. ಅದೇ 1963ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಎರಡಕ್ಕೂ ಸಂಬಂಧವಿಲ್ಲ. ಆದರೆ ಓದು ಬಲ್ಲ, ಪಟ್ಟಣದಲ್ಲಿದ್ದ ಲೇಖಕಿಯ ಗತಿಯೇ ಹೀಗಾದರೆ, ವೈದ್ಯವಿದ್ಯೆ ಆಗತಾನೆ ಕಾಲಿಡುತ್ತಿದ್ದ ಒಂದು ಜಿಲ್ಲೆಯ ಹಳ್ಳಿಗಳಲ್ಲಿ ಬಾಣಂತಿಯ ಪ್ರಾಣ ಎಷ್ಟು ತೆಳ್ಳನೆಯ ದಾರದ ಮೇಲೆ ನಿಂತಿತ್ತೆಂಬುದನ್ನು ವಾಚಕರು ಊಹಿಸಬಹುದು. ಮುಂದೆ ಡಾ. ಅನುಪಮಾ ನಿರಂಜನರು ‘ತಾಯಿ–ಮಗು’ ಬರೆದು ಈ ವಿಷಯವನ್ನು ಅಡುಗೆಮನೆಯ ಕನ್ನಡಕ್ಕೆ ತಂದರು. ನನ್ನ ದೃಷ್ಟಿಯಲ್ಲಿ ಅದು ಎಷ್ಟೋ ಕಥಾಸಂಕಲನಗಳಿಗಿಂತ ದೊಡ್ಡ ಸಾಹಿತ್ಯ ಸೇವೆ.

ಇರಲಿ. ಐದು ಸೂತಕಗಳ ಮಾತು ಆಯಿತು. ಇನ್ನು ಶೀರ್ಷಿಕೆಯ ಉತ್ತರಾರ್ಧ. ನಮ್ಮ ದೇಶದಲ್ಲಿ ಸೂಲಗಿತ್ತಿಯರಿಗೆ ತರಬೇತಿ ಕೊಡುವ ಪ್ರಯತ್ನ ಹಳೆಯದು. 1885ರಲ್ಲಿ ಡಫರಿನ್ ನಿಧಿ, 1903ರಲ್ಲಿ ದಾಯಿಯರ ಶಿಕ್ಷಣಕ್ಕೆಂದೇ ವಿಕ್ಟೋರಿಯಾ ಸ್ಮಾರಕ ನಿಧಿ ಸ್ಥಾಪನೆಯಾದವು. ಸ್ವಾತಂತ್ರ್ಯಾನಂತರ ಆರೋಗ್ಯ ಕೇಂದ್ರಗಳ ಮೂಲಕ ಹಳ್ಳಿಯ ದಾಯಿಯರಿಗೆ ಕೆಲವು ವಾರಗಳ ಶಿಕ್ಷಣ ಕೊಡುವ ಯೋಜನೆ ದೇಶದಾದ್ಯಂತ ನಡೆಯಿತು. ಈ ಶಿಕ್ಷಣ ಮುಂದೆ ತಾಳಿದ ಸಾರರೂಪ ಐದು ಸೂತ್ರಗಳದ್ದು: ಕೈ ಶುಚಿ, ಹೆರಿಗೆಯ ಜಾಗ ಶುಚಿ, ಹೊಕ್ಕಳಬಳ್ಳಿ ಕೊಯ್ಯುವ ಅಲಗು ಶುಚಿ, ಅದನ್ನು ಕಟ್ಟುವ ದಾರ ಶುಚಿ, ಕೊಯ್ದ ಬಳ್ಳಿಯ ತುದಿ ಶುಚಿ. ಕೊನೆಯದೆಂದರೆ ಅದಕ್ಕೆ ಸಗಣಿ, ಬೂದಿ ಏನನ್ನೂ ಹಚ್ಚಬಾರದು. ಪಂಚಸೂತಕ ಬಿಟ್ಟ ನಾಡಿಗೆ ಪಂಚಶುಚಿ ಬಂದಿತು. ಸಂಖ್ಯೆ ಕೂಡಿದ್ದು ಆಕಸ್ಮಿಕ. ಅರ್ಥ ಕೂಡಿದ್ದು ಆಕಸ್ಮಿಕವಲ್ಲ.

ಸೂತಕ ಹೇಳುವುದು: ಮುಟ್ಟಬೇಡ. ಶುಚಿ ಹೇಳುವುದು: ತೊಳೆದು ಮುಟ್ಟು. ನಮ್ಮ ಸಮಾಜದಲ್ಲಿ ‘ಮಡಿ’ ಎಂಬ ಒಂದೇ ಮಾತು ಈ ಎರಡರ ಭಾರವನ್ನೂ ಹೊತ್ತು ಎರಡನ್ನೂ ಕೆಡಿಸಿತು. ಬಾಣಂತಿಯನ್ನು ಮುಟ್ಟಬಾರದೆಂದು ದೂರವಿಟ್ಟ ಮನೆಯೇ ಹೊಕ್ಕಳಬಳ್ಳಿ ಕೊಯ್ಯಲು ತೊಳೆಯದ ಕುಡುಗೋಲು ಕೊಟ್ಟಿತು. ಮಡಿ ಕೆಡಬಾರದೆಂದು ಹಳೆಯ ಬಟ್ಟೆ, ಕತ್ತಲೆ ಕೋಣೆ, ಮೂಲೆಯ ಚಾಪೆ. ಅದರ ಫಲ ಕೂಸಿನ ಧನುರ್ವಾಯು. ಹುಟ್ಟಿದ ವಾರದೊಳಗೆ ಮೊಲೆ ಚೀಪಲಾರದೆ, ಸೆಟೆದು, ಸಾಯುತ್ತಿದ್ದ ಮಕ್ಕಳನ್ನು ಕಂಡು ಹಿರಿಯರು ದೈವದ ಕಾಟವೆಂದು ತಿಳಿದರು. ಅದು ದೈವದ ಕಾಟವಲ್ಲ, ಅಲಗಿನ ಕೊಳೆ. ತಾಯಿಗೆ ಚುಚ್ಚುಮದ್ದು, ಸೂಲಗಿತ್ತಿಗೆ ಶುಚಿಯ ಪಾಠ, ಆಸ್ಪತ್ರೆಯ ಹೆರಿಗೆ, ಈ ಮೂರರ ಬಲದಿಂದ ತಾಯಿ–ಕೂಸುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನದ ಮಟ್ಟ ಮುಟ್ಟಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದೃಢಪಡಿಸಿತು. ಇದು ನಮ್ಮ ಕಾಲದ ಒಂದು ಮಹಾಕಾವ್ಯದಷ್ಟು ದೊಡ್ಡ ಘಟನೆ. ಆದರೆ ಅದರ ಮೇಲೆ ಒಂದು ಸಣ್ಣ ಪದ್ಯವನ್ನೂ ನಾನು ಓದಿಲ್ಲ.

ಇದು ಪಾಶ್ಚಾತ್ಯರಿಂದ ಬಂದ ಬುದ್ಧಿ ಎಂದು ಯಾರಾದರೂ ಅಂದಾರು. ಸುಶ್ರುತ ಸಂಹಿತೆಯ ಶಾರೀರಸ್ಥಾನವನ್ನು ತೆರೆದು ನೋಡಲಿ. ಹೆರಿಗೆಯ ಬಳಿ ಇರಬೇಕಾದ ನಾಲ್ವರು ಹೆಂಗಸರ ಲಕ್ಷಣ ಅಲ್ಲಿದೆ: ವಯಸ್ಸು ಮಾಗಿರಬೇಕು, ಹೆರಿಗೆ ಮಾಡಿಸುವುದರಲ್ಲಿ ಕುಶಲರಾಗಿರಬೇಕು, ಉಗುರು ಕತ್ತರಿಸಿಕೊಂಡಿರಬೇಕು. ಜಾತಿಯ ಮಾತಿಗಿಂತ ಮೊದಲು ಉಗುರಿನ ಮಾತು. ಇನ್ನು ಪಾಶ್ಚಾತ್ಯರ ಬುದ್ಧಿಯಾದರೂ ಹೇಗೆ ಬಂದಿತು? ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಹೆರಿಗೆಯ ಎರಡು ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯಾಗಲು ಬಂದ ಹೆಣ್ಣುಮಕ್ಕಳು. ಮೊದಲನೆಯದರಲ್ಲಿ ನೂರಕ್ಕೆ ಸುಮಾರು 10 ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರೆ ಎರಡನೆಯದರಲ್ಲಿ 4 ಕೂಡ ಆಗುತ್ತಿರಲಿಲ್ಲ. ಹೆಣ ಕೊಯ್ದ ಕೈಯಲ್ಲಿಯೇ ವಿದ್ಯಾರ್ಥಿಗಳು ಹೆರಿಗೆಗೆ ಬರುತ್ತಿದ್ದುದೇ ಕಾರಣವೆಂದು 1847ರಲ್ಲಿ ಸೆಮ್ಮಲ್‌ವೈಸ್ ಎಂಬ ವೈದ್ಯ ಕಂಡುಹಿಡಿದು, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ಮಾಡಿದ. ಸಾವು ಇಳಿಯಿತು. ಆದರೆ ದೊಡ್ಡ ವೈದ್ಯರು ಸಿಟ್ಟಾದರು. ತಮ್ಮ ಕೈ ಮೈಲಿಗೆಯೆಂದು ಕೇಳುವುದು ಯಾವ ದೇಶದ ದೊಡ್ಡ ಮನುಷ್ಯನಿಗೂ ಹಿತವಲ್ಲ. ಈ ಕಥೆಯಲ್ಲಿ ಎಲ್ಲರೂ ಸೆಮ್ಮಲ್‌ವೈಸನನ್ನು ನೆನೆಯುತ್ತಾರೆ. ಅವನ ಲೆಕ್ಕಕ್ಕೆ ಆಧಾರವಾದದ್ದು ಪಕ್ಕದ ಕೋಣೆಯಲ್ಲಿ ಕಲಿಯುತ್ತಿದ್ದ ಸೂಲಗಿತ್ತಿಯರ ಕೈ ಎಂಬುದನ್ನು ಮರೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ಕಮಲಾಪುರದ ಕಡೆಯ ಒಬ್ಬ ವೃದ್ಧೆಯೊಡನೆ ಈ ವಿಷಯ ಮಾತನಾಡುವ ಅವಕಾಶ ನನಗೆ ದೊರೆತಿತ್ತು. ಆಕೆ ಹೆರಿಗೆ ಮಾಡಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. “ಆಯಿ, ನಿಮಗ ಇದು ಕಲಿಸಿದವರು ಯಾರು?” ಎಂದೆ. “ನಮ್ಮತ್ತಿ ಕಲಿಸಿದಳಪ್ಪ. ಏನು ಕಲಿಸಿದಳು, ಮೂರು ವರ್ಷ ಬರೇ ದೀಪ ಹಿಡಿಸಿದಳು. ಕೈ ಮುಂದ ಮಾಡಬ್ಯಾಡ, ಕಣ್ಣು ಮುಂದ ಮಾಡು ಅಂತಿದ್ದಳು” ಎಂದರು. ಆಮೇಲೆ ತಾವೇ ಮುಂದುವರಿಸಿದರು: “ಹಿಡಿಯೂದು ಯಾರಿಗಿ ಬೇಕಾದರೂ ಬರ್ತದ. ಹಿಡೀದೆ ಕೂಡೂದು ಬರೂದಿಲ್ಲ. ಬ್ಯಾನಿ ತಾನೇ ಬರಬೇಕು. ನಾವು ಅವಸರ ಮಾಡಿದರ ತಾಯಿ ಹರೀತಾಳ.” ಆರೋಗ್ಯ ಕೇಂದ್ರದಲ್ಲಿ ತರಬೇತಿ ಪಡೆದಾಗ ಏನು ಹೊಸದು ಕಲಿತಿರಿ ಎಂದು ಕೇಳಿದ್ದಕ್ಕೆ ಬಲಗೈಯ ಐದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಐದು ಶುಚಿಗಳನ್ನು ಹೇಳಿದರು, ಒಂದನ್ನೂ ತಪ್ಪದೆ.

ಅತ್ತೆ ಕಲಿಸಿದ್ದು ತಾಳ್ಮೆ. ಆರೋಗ್ಯ ಕೇಂದ್ರ ಕಲಿಸಿದ್ದು ಶುಚಿ. ಎರಡೂ ಆ ಕೈಯಲ್ಲಿ ಜಗಳವಿಲ್ಲದೆ ಇದ್ದವು. ನಾವು ಪಟ್ಟಣದ ಓದಿದವರು ಮಾತ್ರ ಇವೆರಡನ್ನು ಎದುರುಬದುರು ನಿಲ್ಲಿಸಿ, ಒಂದಕ್ಕೆ ಪರಂಪರೆ, ಇನ್ನೊಂದಕ್ಕೆ ವಿಜ್ಞಾನವೆಂದು ಹೆಸರಿಟ್ಟು, ಪಕ್ಷ ಕಟ್ಟುತ್ತೇವೆ. ಮೂರು ವರ್ಷ ದೀಪ ಹಿಡಿದು ನಿಲ್ಲುವುದು, ನೋಡುವುದು, ಕೈ ಚಾಚುವ ಚಪಲವನ್ನು ಹಿಡಿದಿಡುವುದು, ತನ್ನ ಅಹಂಕಾರದ ಉಗುರನ್ನು ಮೊದಲು ಕತ್ತರಿಸಿಕೊಳ್ಳುವುದು: ಇದು ಸಾಧನೆಯಲ್ಲದಿದ್ದರೆ ಸಾಧನೆ ಎಂಬ ಪದಕ್ಕೆ ಬೇರೆ ಅರ್ಥವೇನು? ಯೋಗಿ ಉಸಿರು ನೋಡುತ್ತಾನೆ. ಇವಳು ಇನ್ನೊಬ್ಬಳ ಉಸಿರು ನೋಡುತ್ತಾಳೆ.

ಹಾಗೆಂದು ಹಳೆಯದಕ್ಕೆ ಹಿಂತಿರುಗೋಣ ಎಂದು ನಾನು ಹೇಳುತ್ತಿಲ್ಲ. ಲೆಕ್ಕಗಳು ಸ್ಪಷ್ಟವಾಗಿವೆ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2004–06ರಲ್ಲಿ 213 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರ ಓಡಾಟ, ಆಸ್ಪತ್ರೆಯ ಹೆರಿಗೆ, ರಕ್ತ, ಔಷಧ, ವಾಹನ ಇವು ಉಳಿಸಿದ ಜೀವಗಳಿವು. ರಕ್ತಸ್ರಾವ ನಿಲ್ಲದ ರಾತ್ರಿಯಲ್ಲಿ ಎಂಥ ಕೈಗುಣವೂ ಸಾಲದು. ಸೂಲಗಿತ್ತಿಯ ಮೇಲಿನ ಭಕ್ತಿಯಿಂದ ಈ ಸತ್ಯವನ್ನು ಮಸುಕು ಮಾಡುವವರು ಅವಳಿಗೂ ಹಿತವರಲ್ಲ.

ಆದರೆ ಇದೇ ಲೆಕ್ಕದ ಇನ್ನೊಂದು ಪುಟವೂ ಇದೆ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಯಲ್ಲಿ ಆದವು. ಮೂವತ್ತೊಂದಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಯಿಂದ ಆದವು. ಕೆಲವು ಶಸ್ತ್ರಚಿಕಿತ್ಸೆಗಳು ಪ್ರಾಣ ಉಳಿಸಿದವು, ಸಂಶಯವಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಮೂರರಲ್ಲೊಬ್ಬರಿಗೆ ತಾವೇ ಹೆರುವ ಶಕ್ತಿ ಇಲ್ಲವೆಂದು ನಂಬುವುದು ಕಷ್ಟ. ಅಲ್ಲಿ ಕೊರತೆಯಾಗಿರುವುದು ಶಕ್ತಿಯಲ್ಲ, ಕಾಯುವ ಕಲೆ. ಅದನ್ನು ಕಂಡೇ ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ, ನರಸಮ್ಮನವರು ತೀರಿಕೊಂಡ ಅದೇ ತಿಂಗಳಲ್ಲಿ, ಸೂಲಗಿತ್ತಿಯ ವೃತ್ತಿಯನ್ನು ಹೊಸ ರೂಪದಲ್ಲಿ ಕಟ್ಟುವ ಮಾರ್ಗಸೂಚಿಯನ್ನು ಹೊರಡಿಸಿತು. ನರ್ಸಿಂಗ್ ಓದಿದವರಿಗೆ ಮೇಲೆ 18 ತಿಂಗಳ ಶಿಕ್ಷಣ. ಸಹಜ ಹೆರಿಗೆಯನ್ನು ತಮ್ಮ ಹೊಣೆಯಲ್ಲಿ ನಡೆಸುವ ಅಧಿಕಾರ. ಅಪಾಯ ಕಂಡಾಗ ವೈದ್ಯರಿಗೆ ಒಪ್ಪಿಸುವ ವಿವೇಕ. ನೆರೆಯ ತೆಲಂಗಾಣ ಇಂಥ ಶಿಕ್ಷಣವನ್ನು 2017ರಲ್ಲಿಯೇ ಪ್ರಾರಂಭಿಸಿತ್ತು. ಕಲಬುರಗಿಯ ಗಡಿ ದಾಟಿದರೆ ತೆಲಂಗಾಣ.

ಈ ಹೊಸ ವಿದ್ಯಾರ್ಥಿನಿಯರಿಗೆ ಸಾಹಿತ್ಯ ಏನು ಕೊಡಬಲ್ಲದು? ‘ನೀವು ದೇವತೆಯರು’ ಎಂಬ ಹೊಗಳಿಕೆಯನ್ನು ದಯಮಾಡಿ ಕೊಡದಿರಲಿ. ದೇವತೆಯೆಂದು ಕರೆಸಿಕೊಂಡವಳಿಗೆ ಸಂಬಳ ಕೊಡುವುದು ಮರೆತುಹೋಗುತ್ತದೆ; ನಮ್ಮ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೀದಿಗಿಳಿದ ಪ್ರಸಂಗಗಳು ಇದಕ್ಕೆ ಸಾಕ್ಷಿ. ಸೇವೆ, ತ್ಯಾಗ, ಪುಣ್ಯ ಎಂಬ ಪದಗಳು ಕೂಲಿ ಕೊಡಬೇಕಾದವರ ಬಾಯಿಂದ ಬಂದಾಗ ಕಿವಿ ಚುರುಕಾಗಬೇಕು. ಶರಣರ ಕಾಯಕ ಇಂಥದಲ್ಲ. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿಸಿ ಬರಲು ಹೇಳಿದಳೆಂಬ ಕಥೆ ಎಲ್ಲರಿಗೂ ಗೊತ್ತು. ಹೆಚ್ಚು ತರಬಾರದು ಎಂಬುದರ ಹಿಂದೆಯೇ ನ್ಯಾಯವಾದದ್ದು ಬರಬೇಕು ಎಂಬ ಒಪ್ಪಂದವಿದೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಈ ಕಲಬುರಗಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ದುಡಿದವಳ ಕೈಗೆ ಪ್ರತಿಫಲ ಬಂದ ಮೇಲಲ್ಲವೆ ದಾಸೋಹ? ಖಾಲಿ ಕೈಯ ದಾಸೋಹಕ್ಕೆ ಜನ ಬೇರೆ ಹೆಸರಿಟ್ಟಿದ್ದಾರೆ, ಬಿಟ್ಟಿ ಎಂದು.

ಆದ್ದರಿಂದ ಸಾಹಿತ್ಯ ಕೊಡಬೇಕಾದದ್ದು ಹೊಗಳಿಕೆಯಲ್ಲ, ಗಮನ. ಒಂದು ಕಾದಂಬರಿ ಬರಲಿ. ಅದರಲ್ಲಿ ಹದಿನೆಂಟು ತಿಂಗಳು ಕಲಿಯುವ ಒಬ್ಬ ಹುಡುಗಿ ಇರಲಿ. ಮೊದಲ ಬಾರಿ ಕೈ ನಡುಗಿದ್ದು, ಯಾವಾಗ ಕಾಯಬೇಕು ಯಾವಾಗ ಓಡಬೇಕು ಎಂಬ ತೀರ್ಮಾನದ ಮುಂದೆ ಅವಳು ಒಂಟಿಯಾಗಿ ನಿಂತದ್ದು, ಗದರಿಸುವ ವಾರ್ಡಿನಲ್ಲಿ ಅವಳು ಗದರಿಸದೆ ಇರಲು ಕಲಿತದ್ದು, ಇವೆಲ್ಲ ಕಸುಬಿನ ನಿಜವಾದ ಪದಗಳಲ್ಲಿ ಬರಲಿ. ನೂಲು, ಹಗ್ಗ, ಪೊರಕೆಗಳಿಂದ ಅನುಭಾವದ ಭಾಷೆ ಕಟ್ಟಿದ ಕನ್ನಡಕ್ಕೆ ಹೊಕ್ಕಳಬಳ್ಳಿಯ ದಾರದಿಂದ ಕಟ್ಟುವುದು ಅಸಾಧ್ಯವೆ? ಎಂಟುನೂರು ವರ್ಷಗಳಿಂದ ಬಾಕಿ ಇರುವ ಕೆಲಸವಿದು.

ಸೂತಕವನ್ನು ಬಿಡುವುದು ಅರ್ಧ ದಾರಿ. ಮುಟ್ಟಬಾರದೆಂಬ ಭಯವನ್ನು ತೊರೆದ ಕೈ, ಹೇಗೆ ಮುಟ್ಟಬೇಕೆಂಬುದನ್ನು ಕಲಿತಾಗ ಉಳಿದರ್ಧ ಮುಗಿಯುತ್ತದೆ. ಶರಣರು ಮೊದಲನೆಯದನ್ನು ಹೇಳಿದರು. ಎರಡನೆಯದನ್ನು ಹೆಸರಿಲ್ಲದ ಅಜ್ಜಿಯರೂ ಅತ್ತೆಯರೂ ಆರೋಗ್ಯ ಕೇಂದ್ರದ ನರ್ಸಮ್ಮಂದಿರೂ ಹೇಳಿಕೊಟ್ಟರು. ಇವೆರಡೂ ಸೇರಿದ ಕೈ ಹುಟ್ಟುವ ತಲೆಯನ್ನು ಮುಟ್ಟಿದರೆ, ಅದೇ ಹಸ್ತಮಸ್ತಕ ಸಂಯೋಗ. ದೀಕ್ಷೆ ಆಗುವುದು ಕೂಸಿಗೋ ಸೂಲಗಿತ್ತಿಗೋ ಎಂಬುದನ್ನು ಬಲ್ಲವರು ಹೇಳಲಿ.